ನಿಧಾನದ ಗುಂಡು ಕಲಿಸುವ ದೂರದ ಪಾಠ

ಇಂಗ್ಲೆಂಡಿನ ಬಿಸ್ಲಿಯಲ್ಲಿ ಸ್ಟಿಕಲ್‌ಡೌನ್ ಎಂಬ ಶೂಟಿಂಗ್ ರೇಂಜ್ ಇದೆ. ಅಲ್ಲಿ 1,200 ಗಜ ದೂರದಿಂದಲೂ ಗುರಿಗೆ ಗುಂಡು ಹೊಡೆಯುತ್ತಾರೆ. ಅಂದರೆ ಒಂದು ಕಿಲೋಮೀಟರಿಗೂ ಮಿಗಿಲು. ಅಂಥ ಜಾಗ ಎಲ್ಲರಿಗೂ ಸಿಗುವಂಥದ್ದಲ್ಲ. ಅಷ್ಟು ಉದ್ದದ ಖಾಲಿ ನೆಲ ಬೇಕು, ಗುಂಡನ್ನು ತಡೆದು ನಿಲ್ಲಿಸುವ ಗುಡ್ಡ ಬೇಕು. ದೊಡ್ಡ ರೈಫಲ್ಲಿನ ಒಂದೊಂದು ತೋಟಾಕ್ಕೂ ಕೈತುಂಬ ದುಡ್ಡು ತೆರಬೇಕು. ಇಷ್ಟೆಲ್ಲ ಹೊಂದಿಸಿಕೊಂಡರೂ ಕೆಲವೇ ಸಾವಿರ ಗುಂಡುಗಳಿಗೆ ಅದರ ನಳಿಕೆ ಸವೆದುಹೋಗುತ್ತದೆ. ಹಾಗಾದರೆ ದೂರದ ಗುರಿಗೆ ಹೊಡೆಯಲು ಕಲಿಯುವವರು ದಿನನಿತ್ಯದ ಸಾಧನೆಯನ್ನು ಎಲ್ಲಿ ಮಾಡುತ್ತಾರೆ?

ಅವರಲ್ಲಿ ಬಹಳ ಮಂದಿ ಹಿಡಿಯುವುದು ಬಂದೂಕುಗಳಲ್ಲಿ ತೀರ ಸಣ್ಣದಾದ .22 ರಿಮ್‌ಫೈರ್ ರೈಫಲನ್ನು. ಎನ್‌ಸಿಸಿಯಲ್ಲಿದ್ದ ಯಾರಿಗಾದರೂ ಈ ‘ಪಾಯಿಂಟ್ ಟೂಟೂ’ ಪರಿಚಿತ. ಮಕ್ಕಳ ಕೈಗೆ ಮೊದಲು ಕೊಡುವ ಬಂದೂಕು ಎಂದೇ ಅದಕ್ಕೆ ಹೆಸರು. ಅದೇ ರೈಫಲ್ ಕಿಲೋಮೀಟರ್ ದೂರದ ಶೂಟಿಂಗ್‌ಗೂ ಪಾಠಶಾಲೆ ಎಂದರೆ ಮೊದಲಿಗೆ ನಂಬುವುದು ಕಷ್ಟ. ಆದರೆ ಅದರ ಸಣ್ಣತನವೇ, ಅದರ ನಿಧಾನವೇ, ಈ ವಿದ್ಯೆಯ ಕಷ್ಟಗಳನ್ನೆಲ್ಲ ಹತ್ತಿರಕ್ಕೆ ಎಳೆದು ತರುತ್ತದೆ.

ಅಂಚಿನಲ್ಲಿ ಅಡಗಿದ ಕಿಡಿ

ದೊಡ್ಡ ರೈಫಲ್ಲಿನ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ನಟ್ಟನಡುವೆ ಪುಟ್ಟ ಬಟ್ಟಲಲ್ಲಿ ಕೂತಿರುತ್ತದೆ. ರಿಮ್‌ಫೈರ್ ತೋಟಾದಲ್ಲಿ ಬಟ್ಟಲಿಲ್ಲ. ಹಿತ್ತಾಳೆ ಕೊಳವೆಯ ಬುಡದ ಸುತ್ತ ಮಡಿಸಿದ ಟೊಳ್ಳು ಅಂಚಿನೊಳಗೇ ಆ ಮದ್ದನ್ನು ತುಂಬಿರುತ್ತಾರೆ. ರೈಫಲ್ಲಿನ ಸೂಜಿ ಅಂಚನ್ನು ಜಜ್ಜಿದ ಕೂಡಲೇ ಕಿಡಿ ಹೊತ್ತುತ್ತದೆ. 1845ರಲ್ಲಿ ಫ್ರಾನ್ಸಿನ ಲೂಯಿ ನಿಕೊಲಾ ಫ್ಲೋಬೇರ್ ಇದಕ್ಕೆ ತಳಹದಿ ಹಾಕಿದರು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ .22 ಶಾರ್ಟ್ ತೋಟಾ ತಂದಿತು. ಇಂದು ಜಗತ್ತೆಲ್ಲ ಬಳಸುವ .22 ಲಾಂಗ್ ರೈಫಲ್ ತೋಟಾ 1887ರಲ್ಲಿ ಸ್ಟೀವನ್ಸ್ ಕಂಪನಿಯಿಂದ ಬಂತು.

ಇದರ ಸೀಸದ ಗುಂಡಿನ ತೂಕ ಸಾಮಾನ್ಯವಾಗಿ 2.6 ಗ್ರಾಂ. ಸ್ಪರ್ಧೆಗೆಂದೇ ಮಾಡಿದ ತೋಟಾದಿಂದ ಅದು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದು ಶಬ್ದದ ವೇಗಕ್ಕಿಂತ ತುಸು ಕಡಿಮೆ. ದೂರದ ಶೂಟಿಂಗ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ .308 ರೈಫಲ್ಲಿನ 11 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಬಲದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಕಲಿಕೆಯ ದೃಷ್ಟಿಯಿಂದ ಮಾತ್ರ ಎರಡೂ ತೀರ ಹತ್ತಿರದವು.

ದೂರವನ್ನು ಹೊತ್ತಿನಲ್ಲಿ ಅಳೆಯುವುದು

ನಳಿಕೆ ಬಿಟ್ಟ ಕ್ಷಣದಿಂದ ಗುಂಡು ಬೀಳುತ್ತಲೇ ಇರುತ್ತದೆ. ಎಷ್ಟು ಹೊತ್ತು ಗಾಳಿಯಲ್ಲಿದೆಯೋ ಅಷ್ಟಕ್ಕೂ ಭೂಮಿ ಅದನ್ನು ಕೆಳಗೆ ಎಳೆಯುತ್ತದೆ, ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಆದ್ದರಿಂದ ಶೂಟರ್‌ಗೆ ದೂರ ಎಂದರೆ ಗುಂಡು ಹಾದಿಯಲ್ಲಿ ಕಳೆಯುವ ಹೊತ್ತು. ನಿಧಾನದ ಗುಂಡು ಆ ಹೊತ್ತನ್ನು ಸಣ್ಣ ಮೈದಾನದಲ್ಲೇ ಕಳೆದುಬಿಡುತ್ತದೆ.

50 ಮೀಟರಿಗೆ ಸರಿಹೊಂದಿಸಿದ .22 ರೈಫಲ್‌ನಿಂದ 100 ಮೀಟರ್ ದೂರಕ್ಕೆ ಹೊಡೆದರೆ ಗುಂಡು ಗುರಿಯಿಂದ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. 200 ಮೀಟರಿನಲ್ಲಿ ಈ ಇಳಿತ ಒಂದೂವರೆ ಮೀಟರಿಗೂ ಹೆಚ್ಚು. 300 ಮೀಟರಿನಲ್ಲಿ ನಾಲ್ಕು ಮೀಟರನ್ನೂ ದಾಟುತ್ತದೆ. ಶೂಟರ್‌ಗಳು ಇದನ್ನು ಕೋನದಲ್ಲಿ ಲೆಕ್ಕ ಹಾಕುತ್ತಾರೆ. ಅವರ ಅಳತೆ ಮಿಲಿರೇಡಿಯನ್, ಬಾಯಿಮಾತಿನಲ್ಲಿ ‘ಮಿಲ್’. 100 ಮೀಟರ್ ದೂರದಲ್ಲಿ ಒಂದು ಮಿಲ್ ಎಂದರೆ 10 ಸೆಂಟಿಮೀಟರ್, ಒಂದು ಕಿಲೋಮೀಟರ್ ದೂರದಲ್ಲಿ ಒಂದು ಮೀಟರ್. ಸಾವಿರ ಗಜ, ಅಂದರೆ 914 ಮೀಟರ್ ದೂರಕ್ಕೆ .308 ರೈಫಲ್ಲಿನ ಸ್ಕೋಪನ್ನು (ಗುರಿ ನೋಡುವ ದುರ್ಬೀನನ್ನು) ಸುಮಾರು 11ರಿಂದ 12 ಮಿಲ್ ಏರಿಸಬೇಕು. .22 ರೈಫಲ್‌ಗೆ 250 ಮೀಟರ್ ದೂರದಲ್ಲೇ ಹತ್ತಿರಹತ್ತಿರ ಅಷ್ಟು ಏರಿಕೆ ಬೇಕು. ಗಾಳಿಗೆ ಕೊಡಬೇಕಾದ ತಿದ್ದುಪಡಿಯೂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಒಂದು ಕಿಲೋಮೀಟರಿನ ಸಮಸ್ಯೆ ಕಾಲು ಕಿಲೋಮೀಟರಿನೊಳಗೆ ಬಂದು ಕೂತಿತು ಎಂಬುದು ಇದರ ಅರ್ಥ. ಅದೇ ಲೆಕ್ಕ, ಸ್ಕೋಪಿನ ತಿರುಪಿನ ಅದೇ ಸುತ್ತು, ಅದೇ ಕಾಯುವಿಕೆ. ಟ್ರಿಗರ್ ಒತ್ತಿ ಮುಕ್ಕಾಲು ಸೆಕೆಂಡಿಗೂ ಹೆಚ್ಚು ಹೊತ್ತಾದ ಮೇಲೆ ಗುಂಡು 250 ಮೀಟರ್ ಮುಟ್ಟುತ್ತದೆ. ಉಕ್ಕಿನ ತಟ್ಟೆಗೆ ಬಡಿದ ಸದ್ದು ಅದಾದ ಮೇಲೆ ಬರುತ್ತದೆ. ಸಂಗೀತದ ಗುರುಗಳು ಸರಳೆ ವರಿಸೆಯನ್ನು ಮೊದಲ ಕಾಲದಲ್ಲಿ ಹಾಡಿಸಿ ಒಂದೊಂದು ಸ್ವರದ ತಪ್ಪನ್ನೂ ಕೇಳಿಸುವಂತೆ ಮಾಡುತ್ತಾರಲ್ಲ, ಈ ರೈಫಲ್ಲಿನ ಪಾಠವೂ ಹಾಗೆಯೇ.

ತಪ್ಪು ಕಾಣಿಸಲು ಇನ್ನೂ ಒಂದು ಕಾರಣವಿದೆ. ದೊಡ್ಡ ರೈಫಲ್ ಹೆಗಲಿಗೆ ಒದೆಯುತ್ತದೆ. ಒದೆತದಲ್ಲಿ ಸ್ಕೋಪ್ ಜಿಗಿದು, ಗುಂಡು ಎಲ್ಲಿ ಬಿತ್ತೆಂದು ನೋಡುವುದು ಕಷ್ಟ. ಒದೆತದ ಅಂಜಿಕೆಯಿಂದ ಬೆರಳು ತಾನಾಗಿ ಟ್ರಿಗರನ್ನು ಜಗ್ಗುವ ಕೆಟ್ಟ ರೂಢಿಯೂ ಅಂಟಿಕೊಳ್ಳುತ್ತದೆ. .22ರಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಗುಂಡು ಬಿದ್ದ ಕಡೆ ಎದ್ದ ಧೂಳನ್ನು ಸ್ಕೋಪಿನಲ್ಲೇ ನೋಡಿ ಮುಂದಿನ ಗುಂಡಿಗೆ ತಿದ್ದಿಕೊಳ್ಳಬಹುದು. ಆದರೆ ಈ ಗುಂಡು ನಳಿಕೆಯೊಳಗೂ ಹೆಚ್ಚು ಹೊತ್ತು ಇರುತ್ತದೆ. ಟ್ರಿಗರ್ ಒತ್ತಿದ ಮೇಲೂ ಮೈ, ಉಸಿರು, ಕಣ್ಣು ಅಲುಗದೆ ಇದ್ದಲ್ಲೇ ಇರಬೇಕು. ಬೇಗ ತಲೆಯೆತ್ತಿದವರ ಗುಂಡು ತಪ್ಪುತ್ತದೆ. ದೊಡ್ಡ ರೈಫಲ್ಲಿನ ವೇಗ ಮುಚ್ಚಿಡುವ ದೋಷವನ್ನು ಚಿಕ್ಕದು ಗುರಿಹಲಗೆಯ ಮೇಲೆ ಬರೆದು ತೋರಿಸುತ್ತದೆ.

ಗಾಳಿಯನ್ನು ಓದುವ ವಿದ್ಯೆ

ಇಳಿತವನ್ನು ಲೆಕ್ಕದಿಂದ ಗೆಲ್ಲಬಹುದು. ದೂರ ಗೊತ್ತಿದ್ದರೆ, ಗುಂಡಿನ ವೇಗ ಗೊತ್ತಿದ್ದರೆ, ಪುಟ್ಟ ಪಟ್ಟಿಯೊಂದನ್ನು ರೈಫಲ್ಲಿಗೆ ಅಂಟಿಸಿಕೊಂಡರೆ ಸಾಕು. ಗಾಳಿ ಅಂಥ ಪಟ್ಟಿಗೆ ಸಿಗುವುದಿಲ್ಲ. ಗಂಟೆಗೆ 15 ಕಿಲೋಮೀಟರ್ ವೇಗದ ಅಡ್ಡಗಾಳಿ .22 ಗುಂಡನ್ನು 100 ಮೀಟರಿನಲ್ಲಿ ಸುಮಾರು 10 ಸೆಂಟಿಮೀಟರ್ ಪಕ್ಕಕ್ಕೆ ಸರಿಸುತ್ತದೆ. ದೂರ ಇಮ್ಮಡಿಯಾದರೆ ಸರಿತ ಹತ್ತಿರಹತ್ತಿರ ನಾಲ್ಮಡಿ. ಹಾಗಾಗಿ 200 ಮೀಟರಿನಲ್ಲಿ ಗುಂಡು 40 ಸೆಂಟಿಮೀಟರ್ ಆಸುಪಾಸು ಸರಿದಿರುತ್ತದೆ.

ಗುಂಡಿನ ವೇಗ ಹೆಚ್ಚಿಸಿದರೆ ಗಾಳಿಯ ಕಾಟ ಕಡಿಮೆಯಾಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. .22ರಲ್ಲಿ ಇದು ತಿರುಗುಮುರುಗಾಗುತ್ತದೆ. ಶಬ್ದದ ವೇಗವನ್ನು ಮೀರಿ ಹೊರಡುವ ‘ಹೈ ವೆಲಾಸಿಟಿ’ ಗುಂಡು ಸ್ಪರ್ಧೆಯ ನಿಧಾನದ ಗುಂಡಿಗಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಗಾಳಿಯ ಸರಿತಕ್ಕೆ ಕಾರಣ ಗುಂಡಿನ ವೇಗ ಮಾತ್ರವಲ್ಲ, ಅದು ದಾರಿಯಲ್ಲಿ ಕಳೆದುಕೊಳ್ಳುವ ವೇಗ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಜೋರಾಗಿ ಹೊರಟ ಗುಂಡು ಆ ತಡೆಗೆ ಸಿಕ್ಕಿ ಬೇಗನೆ ಸೊರಗುತ್ತದೆ. ಜೊತೆಗೆ ಆ ಗಡಿ ದಾಟುವಾಗ ಅದರ ನಡೆಯ ಸ್ಥಿರತೆಗೂ ಧಕ್ಕೆ ಬರಬಹುದು. ಅದಕ್ಕೇ ಸ್ಪರ್ಧೆಯ ತೋಟಾಗಳನ್ನು ಶಬ್ದದ ವೇಗದ ಕೆಳಗೇ ಇರುವಂತೆ ತಯಾರಿಸುತ್ತಾರೆ.

ಗಾಳಿಯನ್ನು ಓದಲು ಶೂಟರ್‌ಗೆ ಕಣ್ಣೇ ಮೊದಲ ಉಪಕರಣ. ರೇಂಜಿನ ಬಾವುಟ, ಹುಲ್ಲಿನ ತುದಿ, ಮರದ ಎಲೆ, ಎದ್ದ ಧೂಳು ಎಲ್ಲವೂ ಏನನ್ನೋ ಹೇಳುತ್ತಿರುತ್ತವೆ. ಬಿಸಿಲಿನ ದಿನ ಸ್ಕೋಪಿನಲ್ಲಿ ಬಿಸಿಲ್ಗುದುರೆಯ ಅಲೆ ಕಾಣುತ್ತದೆ. ಅಲೆ ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲವೆಂದು ಅರ್ಥ. ಪಕ್ಕಕ್ಕೆ ಹರಿಯುತ್ತಿದ್ದರೆ ಆ ಕಡೆಗೆ ಗಾಳಿ. ದೊಡ್ಡ ರೈಫಲ್ಲಿನಲ್ಲಿ ಇದನ್ನು ಕಲಿಯಲು ದಿನಕ್ಕೆ ಕೆಲವೇ ಹೊಡೆತಗಳ ಅವಕಾಶ. ಚಿಕ್ಕದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಡೆದು, ಗಾಳಿ ತಿರುಗಿದಾಗಲೆಲ್ಲ ಹೊಸದಾಗಿ ಕಲಿಯಬಹುದು.

ರೈಫಲ್, ತೋಟಾ, ಲಾಟ್ ನಂಬರ್

ಈ ಲೋಕದಲ್ಲಿ ಗೌರವದಿಂದ ಹೇಳುವ ಹೆಸರು ಜರ್ಮನಿಯ ಆನ್‌ಶುಟ್ಸ್. 1856ರಲ್ಲಿ ಶುರುವಾದ ಈ ಕಂಪನಿ ಎರಡನೇ ಮಹಾಯುದ್ಧದ ನಂತರ ಉಲ್ಮ್ ನಗರದಲ್ಲಿ ನೆಲೆಯೂರಿತು. ಒಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಗಳಲ್ಲಿ ದಶಕಗಳಿಂದ ಅದರ ರೈಫಲ್‌ಗಳು ಕಾಣುತ್ತವೆ. ದೂರದ ಶೂಟಿಂಗ್ ಅಭ್ಯಾಸಕ್ಕೆ ಬಳಸುವ ರೈಫಲ್ ಬೇರೆ ಬಗೆಯದು. ಚೆಕ್ ದೇಶದ ಸಿಝಡ್ 457, ಫಿನ್ಲೆಂಡಿನ ಟಿಕ್ಕಾ ಟಿ1ಎಕ್ಸ್, ಅಮೆರಿಕದ ವೂಡೂ ವಿ-22 ಇವು ಪರಿಚಿತ ಹೆಸರುಗಳು. ವೂಡೂ ರೈಫಲ್ಲಿನ ಕಟ್ಟನ್ನು ರೆಮಿಂಗ್ಟನ್ 700 ಎಂಬ ದೊಡ್ಡ ರೈಫಲ್ಲಿನ ಅಳತೆಗೇ ಮಾಡಿದ್ದಾರೆ. ಹಿಡಿ, ಟ್ರಿಗರ್, ಬೋಲ್ಟಿನ ಎಳೆತ ಎಲ್ಲ ಒಂದೇ ಆದರೆ ಕೈಗೆ ಎರಡು ರೂಢಿ ಆಗುವುದಿಲ್ಲ.

ಸ್ಕೋಪ್ ಕೂರಿಸುವ ಪಟ್ಟಿಯನ್ನು ಮುಂದಕ್ಕೆ ತುಸು ಇಳಿಜಾರಾಗಿ ಮಾಡುತ್ತಾರೆ. ಇಲ್ಲದಿದ್ದರೆ 200 ಮೀಟರಿನ ಆಚೆ ಬೇಕಾದಷ್ಟು ಏರಿಸುವ ಮೊದಲೇ ಸ್ಕೋಪಿನ ತಿರುಪು ಕೊನೆ ಮುಟ್ಟಬಹುದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ತೋಟಾದ ಆಯ್ಕೆ. ದೊಡ್ಡ ರೈಫಲ್ಲಿನವರು ಖಾಲಿ ಕೊಳವೆಗೆ ತಾವೇ ಮದ್ದು ತೂಗಿ ತುಂಬಿಕೊಳ್ಳಬಹುದು. ರಿಮ್‌ಫೈರ್ ಕೊಳವೆಯ ಅಂಚು ಒಮ್ಮೆ ಜಜ್ಜಿದರೆ ಮುಗಿಯಿತು, ಮತ್ತೆ ತುಂಬುವ ಮಾತಿಲ್ಲ. ಕಾರ್ಖಾನೆ ಕೊಟ್ಟದ್ದನ್ನೇ ನಂಬಬೇಕು. ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ ಮೂರು ಮೀಟರ್ ವ್ಯತ್ಯಾಸವಿದ್ದರೂ 250 ಮೀಟರಿನಲ್ಲಿ ಒಂದು ಇನ್ನೊಂದಕ್ಕಿಂತ ಐದಾರು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಇಂಗ್ಲೆಂಡಿನ ಎಲಿ, ಜರ್ಮನಿಯ ಶೋನೆಬೆಕ್‌ನಲ್ಲಿ ರಿಮ್‌ಫೈರ್ ತೋಟಾ ಮಾಡುವ ಲಪುವಾ, ಆರ್‌ಡಬ್ಲ್ಯುಎಸ್ ಇವು ಈ ನಿಖರತೆಗೆ ಹೆಸರಾದವು. ಒಂದೇ ಕಂಪನಿಯ ಒಂದೇ ತೋಟಾದಲ್ಲೂ ಲಾಟ್‌ನಿಂದ ಲಾಟ್‌ಗೆ, ಅಂದರೆ ತಯಾರಿಕೆಯ ಒಂದು ಕಂತಿನಿಂದ ಇನ್ನೊಂದಕ್ಕೆ, ಗುಣ ಬದಲಾಗುತ್ತದೆ. ಒಬ್ಬರ ನಳಿಕೆಗೆ ಒಗ್ಗಿದ ಲಾಟ್ ಮತ್ತೊಬ್ಬರ ನಳಿಕೆಗೆ ಒಗ್ಗದು. ಗಂಭೀರ ಸ್ಪರ್ಧಿಗಳು ತಮ್ಮ ರೈಫಲ್ಲಿನಲ್ಲಿ ಹಲವು ಲಾಟ್‌ಗಳನ್ನು ಪರೀಕ್ಷಿಸಿ, ಹೊಂದಿದ್ದನ್ನು ಪೆಟ್ಟಿಗೆಗಟ್ಟಲೆ ಕೊಂಡಿಡುತ್ತಾರೆ.

ಶತಮಾನ ಕಂಡ ಸಾಧನೆ

ಚಿಕ್ಕ ಬಂದೂಕಿನಿಂದ ದೊಡ್ಡದರ ವಿದ್ಯೆ ಕಲಿಯುವುದು ಹಳೆಯ ವಿಚಾರ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ರೈತಾಪಿ ಬೋಯರರ ಗುರಿಯ ಬಿಸಿ ಬ್ರಿಟಿಷ್ ಸೈನ್ಯಕ್ಕೆ ತಟ್ಟಿತು. ಜನಸಾಮಾನ್ಯರೂ ಶೂಟಿಂಗ್ ಕಲಿಯಬೇಕೆಂಬ ಕೂಗು ಎದ್ದಿತು, ಸೇನಾನಿ ಲಾರ್ಡ್ ರಾಬರ್ಟ್ಸ್ ಅದಕ್ಕೆ ದನಿಗೂಡಿಸಿದರು. 1901ರಲ್ಲಿ ಕಾರ್ಮಿಕರ ರೈಫಲ್ ಕ್ಲಬ್ಬುಗಳ ಸಂಘ ಹುಟ್ಟಿತು. ಊರಾಚೆಯ ದೊಡ್ಡ ರೇಂಜಿಗೆ ಹೋಗಲು ಹಣವಾಗಲಿ ಬಿಡುವಾಗಲಿ ಇಲ್ಲದ ಕೂಲಿಕಾರರು ಸಂಜೆ ಊರೊಳಗಿನ ಸಣ್ಣ ರೇಂಜಿನಲ್ಲಿ ಚಿಕ್ಕ ರೈಫಲ್ ಹಿಡಿದು ಅಭ್ಯಾಸ ಮಾಡಿದರು. ಇಂದು ಬ್ರಿಟನ್ನಿನ ನ್ಯಾಷನಲ್ ಸ್ಮಾಲ್‌ಬೋರ್ ರೈಫಲ್ ಅಸೋಸಿಯೇಷನ್ ಎಂದು ಕರೆಯುವುದು ಅದೇ ಸಂಸ್ಥೆಯನ್ನು.

1909ರಲ್ಲಿ ಥಾಮಸ್ ಡ್ಯೂವರ್ ಕೊಟ್ಟ ಟ್ರೋಫಿ ಇನ್ನೊಂದು ದಾರಿ ತೆರೆಯಿತು. 50 ಮತ್ತು 100 ಗಜ ದೂರದ ಈ ಅಂತರರಾಷ್ಟ್ರೀಯ ಪಂದ್ಯಕ್ಕೆ ಯಾರೂ ಹಡಗು ಹತ್ತಬೇಕಿರಲಿಲ್ಲ. ಒಂದೊಂದು ದೇಶದ 20 ಜನರ ತಂಡ ತನ್ನ ನೆಲದಲ್ಲೇ, ಸಾಕ್ಷಿಗಳ ಎದುರು ಹೊಡೆದು ಅಂಕಗಳನ್ನು ಕಳಿಸುತ್ತಿತ್ತು. ಚಿಕ್ಕ ರೈಫಲ್ಲಿನಿಂದ ಕಲಿಸುವ ದಾರಿಯನ್ನು ಸೈನ್ಯಗಳೂ ಹಿಡಿದವು. ಅಮೆರಿಕದ ಸೈನ್ಯ ತನ್ನ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ಮಾದರಿಯಲ್ಲೇ 1922ರಲ್ಲಿ .22 ತರಬೇತಿ ರೈಫಲ್ ತಂದಿತು. ಬ್ರಿಟಿಷರು .303 ಲೀ-ಎನ್‌ಫೀಲ್ಡ್‌ನ ಒಡಲಿಗೇ .22 ನಳಿಕೆ ಕೂರಿಸಿದರು. ಅದೇ ತೂಕ, ಅದೇ ಬೋಲ್ಟು, ಒದೆತ ಮಾತ್ರ ಇಲ್ಲ.

ಇಂದು ಅಮೆರಿಕದ ಎನ್‌ಆರ್‌ಎಲ್22 ಸ್ಪರ್ಧೆಗಳಲ್ಲಿ ಡ್ಯೂವರ್ ಪಂದ್ಯದ ಆಶಯ ಮತ್ತೆ ಕಾಣುತ್ತದೆ. ಒಂದು ತಿಂಗಳಿಗೆ ಒಂದು ಸ್ಪರ್ಧಾಕ್ರಮ. ಎಲ್ಲ ಕ್ಲಬ್ಬುಗಳೂ ಅದನ್ನೇ ತಂತಮ್ಮ ಊರಲ್ಲಿ ನಡೆಸಿ ಅಂಕ ಸೇರಿಸುತ್ತವೆ. ಗುರಿಗಳು 100 ಗಜದೊಳಗೇ ಇರುತ್ತವೆ. ಆದರೆ ಮಲಗಿ, ಮಂಡಿಯೂರಿ, ಏಣಿಗೋ ಹಲಗೆಗೋ ರೈಫಲ್ ಆನಿಸಿ, ಗಡಿಯಾರದ ಎದುರು ಹೊಡೆಯಬೇಕು. ಪ್ರಿಸಿಷನ್ ರೈಫಲ್ ಸೀರೀಸ್‌ನ ರಿಮ್‌ಫೈರ್ ವಿಭಾಗದಲ್ಲಿ ಗುರಿಗಳು ಇನ್ನೂ ದೂರಕ್ಕೆ ಹೋಗುತ್ತವೆ.

ನಮ್ಮ ನೆಲದಲ್ಲಿ

ನಮ್ಮಲ್ಲಿ .22 ರೈಫಲ್ಲಿನ ಮುಖ್ಯ ಕಣ 50 ಮೀಟರಿನದು. ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಸಣ್ಣ ಅಡ್ಡಗಾಳಿ ಸಾಕು, ಗುಂಡು ಆ ವೃತ್ತದಿಂದ ಹೊರಗೆ. 2010ರಲ್ಲಿ ಮ್ಯೂನಿಕ್‌ನಲ್ಲಿ ತೇಜಸ್ವಿನಿ ಸಾವಂತ್ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಾಯ್‌ದೀಪ್ ಕರ್ಮಾಕರ್ ನಾಲ್ಕನೆಯವರಾದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 451.4 ಅಂಕಗಳೊಂದಿಗೆ 50 ಮೀಟರ್ ತ್ರೀ ಪೊಸಿಷನ್ ಕಂಚು ಗೆದ್ದರು. ಸಾವಂತ್, ಕುಸಾಳೆ ಇಬ್ಬರೂ ಕರ್ನಾಟಕದ ಗಡಿಗೆ ಅಂಟಿಕೊಂಡ ಕೊಲ್ಹಾಪುರ ಜಿಲ್ಲೆಯವರು.

ನಮ್ಮ ರಾಜ್ಯದಲ್ಲೂ ಈ ಆಸಕ್ತಿಗೆ ಬೇರಿದೆ. ಕೊಡಗಿನಲ್ಲಿ ಕೈಲ್‌ಮುಹೂರ್ತದಂದು ಕೋವಿಗೆ ಪೂಜೆ ಸಲ್ಲುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ .22 ರೈಫಲ್‌ಗೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಎನ್‌ಸಿಸಿಯ ಸಾವಿರಾರು ಹುಡುಗ ಹುಡುಗಿಯರು ಶಿಬಿರಗಳಲ್ಲಿ ಇದೇ ರೈಫಲ್ಲಿನಿಂದ ಮೊದಲ ಗುಂಡು ಹಾರಿಸುತ್ತಾರೆ. ಕಲಿಯಬಯಸುವವರಿಗೆ ಸರಿಯಾದ ದಾರಿ ಕ್ಲಬ್ಬಿನದೇ. ಏರ್ ರೈಫಲ್ಲಿನ 10 ಮೀಟರಿನಿಂದ ತೊಡಗಿ, ತರಬೇತುದಾರರ ಕಣ್ಣಳತೆಯಲ್ಲಿ .22ಕ್ಕೆ ಬರಬೇಕು. ಸ್ವಂತ ರೈಫಲ್‌ಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಪಡೆಯಬೇಕು. ಚಿಕ್ಕ ಗುಂಡೆಂದು ಸಲುಗೆ ಸಲ್ಲದು. ಅದು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಪ್ರಾಣವನ್ನೂ ತೆಗೆಯಬಲ್ಲದು. ಹಿಂದೆ ಗುಡ್ಡವಿಲ್ಲದ ಕಡೆ ಅದನ್ನು ಹಾರಿಸಲೇಬಾರದು.

ನನ್ನ ಕೋರಿಕೆ ಒಂದೇ. ನಮ್ಮಲ್ಲಿ ಹೊಸದಾಗಿ ರೇಂಜ್ ಕಟ್ಟುವವರು 50 ಮೀಟರಿಗೆ ನಿಲ್ಲದೆ, ಜಾಗವಿದ್ದಲ್ಲಿ 100 ಮತ್ತು 200 ಮೀಟರಿನ ಸಾಲನ್ನೂ, ತಕ್ಕ ತಡೆಗುಡ್ಡವನ್ನೂ ಸೇರಿಸಲಿ. ಇದಕ್ಕೆ ಕಿಲೋಮೀಟರುಗಟ್ಟಲೆ ಬಯಲು ಬೇಡ, ದುಬಾರಿ ತೋಟಾ ಬೇಡ. 50 ಮೀಟರಿನಲ್ಲಿ ಕೈ ಪಳಗಿದ ಮಕ್ಕಳು ಗಾಳಿಯನ್ನೂ ಇಳಿತವನ್ನೂ ಅಲ್ಲೇ ಕಲಿಯುತ್ತಾರೆ. ಮುಂದೆ ಯಾವ ದೇಶದ ಯಾವ ದೂರದ ರೇಂಜಿನಲ್ಲಿ ಮಲಗಿದರೂ ಆ ಲೆಕ್ಕ ಅವರಿಗೆ ಹೊಸದಾಗಿರುವುದಿಲ್ಲ.