ಲಕ್ವ ಹೊಡೆದ ಕೈಗೆ ಕೆಲಸ ಕೊಡಿ

'ಪಾಪ, ಆ ಕೈಗೆ ತ್ರಾಸು ಕೊಡಬೇಡಿ, ಇನ್ನೊಂದು ಕೈ ಇದೆಯಲ್ಲ!' ಲಕ್ವ ಹೊಡೆದವರ ಮಂಚದ ಸುತ್ತ ಕೂತ ನೆಂಟರ ಈ ಮಾತು ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಸೊಸೆ ತುತ್ತು ಕಲಸಿ ಬಾಯಿಗಿಡುತ್ತಾಳೆ, ಮಗ ಅಂಗಿಯ ಗುಂಡಿ ಹಾಕುತ್ತಾನೆ. ಎಲ್ಲ ಪ್ರೀತಿಯಿಂದಲೇ. ಆದರೆ ಸೂರತ್ತಿನ ಪಾಂಡೇಸರಾದ ಡೈಯಿಂಗ್ ಮಿಲ್ಲಿನಲ್ಲೋ ನಮ್ಮ ಇಳಕಲ್ಲಿನ ಮಗ್ಗದಲ್ಲೋ ದುಡಿಯುವವರಿಗೆ ಕೈ ಹೋದರೆ ಕೂಲಿಯೇ ಹೋಯಿತು. ಅವರ ಕೈಯನ್ನು ಹೀಗೆ ಸುಮ್ಮನಿರಿಸುವುದು ಕರುಣೆಯಲ್ಲ.

ಯಾಕೆಂಬುದಕ್ಕೆ ಒಂದು ಹಳೆಯ ಪ್ರಯೋಗ ನೋಡಿ. 1895ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಮಾಟ್ ಮತ್ತು ಶೆರಿಂಗ್ಟನ್ ಕೋತಿಯ ಒಂದು ತೋಳಿನಿಂದ ಬೆನ್ನುಹುರಿಗೆ ಹೋಗುವ ಸ್ಪರ್ಶದ ನರಗಳನ್ನಷ್ಟೇ ಕತ್ತರಿಸಿದರು. ಚಲನೆಯ ನರಗಳು ನೆಟ್ಟಗಿದ್ದರೂ ಕೋತಿ ಆ ತೋಳನ್ನು ಬಳಸುವುದನ್ನೇ ಬಿಟ್ಟಿತು. ಸ್ಪರ್ಶ ಹೋದರೆ ಚಲನೆಯೂ ಹೋಯಿತು ಎಂಬ ಮಾತು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಆಮೇಲೆ ಅಮೆರಿಕದ ಎಡ್ವರ್ಡ್ ಟೌಬ್ ಅಂಥ ಕೋತಿಯ ಚೆನ್ನಾಗಿದ್ದ ತೋಳನ್ನು ಕಟ್ಟಿಹಾಕಿ ನೋಡಿದರು. ಕೋತಿ 'ಸತ್ತ' ತೋಳಿನಿಂದಲೇ ಆಹಾರ ಎತ್ತಿಕೊಂಡಿತು! ಮೊದಮೊದಲು ಪ್ರಯತ್ನಿಸಿ ಸೋತು, ಒಂದೇ ಕೈಯಲ್ಲಿ ಬದುಕು ಸಾಗಿದ್ದರಿಂದ, ಬಳಸದಿರುವುದನ್ನೇ ಅದು ಕಲಿತುಬಿಟ್ಟಿತ್ತು. ನಮ್ಮ ಮನೆಗಳಲ್ಲಿ ರೋಗಿಗೆ ನಾವು ಕಲಿಸುತ್ತಿರುವುದೂ ಇದನ್ನೇ.

1996ರಲ್ಲಿ ವಿಜ್ಞಾನಿ ರಾಂಡಾಲ್ಫ್ ನೂಡೋ ಅವರ ತಂಡ ಅಳಿಲುಕೋತಿಗಳಲ್ಲಿ ಮೆದುಳಿನೊಳಗೇ ನೋಡಿತು. ಲಕ್ವ ತರುವ ಸ್ಟ್ರೋಕ್ ಪುಟ್ಟದಾಗಿ ಆದ ಮೇಲೆ ಅಭ್ಯಾಸವಿಲ್ಲದೆ ಬಿಟ್ಟರೆ, ಮೆದುಳಿನಲ್ಲಿ ಕೈಯನ್ನು ಆಡಿಸುವ, ಪೆಟ್ಟು ಬೀಳದೆ ಉಳಿದಿದ್ದ ಜಾಗವೂ ಕುಗ್ಗುತ್ತದೆ. ಅಭ್ಯಾಸ ಮಾಡಿಸಿದರೆ ಅದು ಉಳಿಯುತ್ತದೆ, ಕೆಲವು ಕೋತಿಗಳಲ್ಲಿ ಮೊಣಕೈ, ಭುಜಗಳ ಜಾಗಕ್ಕೂ ಹರಡಿತ್ತು.

ಈ ಅರಿವಿಗೆ ಪ್ರಾಣಿಗಳು ತೆತ್ತ ಬೆಲೆಯನ್ನು ಮರೆಯಬಾರದು. 1981ರಲ್ಲಿ ಟೌಬ್ ಅವರ ಪ್ರಯೋಗಾಲಯಕ್ಕೆ ಪೊಲೀಸರು ನುಗ್ಗಿ 17 ಕೋತಿಗಳನ್ನು ವಶಪಡಿಸಿಕೊಂಡರು. ಅಂಥ ಬೆಲೆಗೆ ಸಿಕ್ಕ ಪಾಠವನ್ನು ಮೂಲೆಗೆಸೆಯುವ ಹಕ್ಕು ನಮಗಿಲ್ಲ.

ಮನುಷ್ಯರಲ್ಲಿ? ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನರ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರ ಒಳ್ಳೆಯ ಕೈಗೆ ಎರಡು ವಾರ ಗವಸು ತೊಡಿಸಿ, ಬಿದ್ದ ಕೈಯಿಂದ ದಿನಕ್ಕೆ ಆರು ಗಂಟೆಯವರೆಗೆ ಕೆಲಸ ಮಾಡಿಸಿದರು. ಮಾಮೂಲಿ ಆರೈಕೆಯವರಿಗಿಂತ ಇವರ ಕೈ ಹೆಚ್ಚು ಸುಧಾರಿಸಿತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಎತ್ತಬಲ್ಲವರಿಗಷ್ಟೇ ಈ ವಿಧಾನ. ಸ್ಟ್ರೋಕ್ ಆದ ಮರುದಿನವೇ ಹಟಕ್ಕೆ ಬಿದ್ದು ದಂಡಿಸುವುದೂ ತಪ್ಪು. ಎಷ್ಟು, ಯಾವಾಗ ಎಂಬುದನ್ನು ಫಿಸಿಯೋಥೆರಪಿಯವರು ಹೇಳಲಿ.

ಲಕ್ವ ಹೊಡೆದ ಕೈಗೆ ಪಾರಿವಾಳದ ರಕ್ತ ಹಚ್ಚುತ್ತ ಕೂರುವವರಿಗೆ ಒಂದೇ ಮಾತು: ಕಾಯಿಲೆ ಮೆದುಳಿನಲ್ಲಿದೆ, ತೊಗಲಿನಲ್ಲಲ್ಲ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸ್ಟ್ರೋಕ್ ಶುರುವಾದಲ್ಲಿಂದ ಇರುವುದು ಸುಮಾರು ನಾಲ್ಕೂವರೆ ಗಂಟೆ.

ಯಾರೋ ಹೇಳಿದ ಎಣ್ಣೆಗೆ ಸಾವಿರಗಟ್ಟಲೆ ಸುರಿಯುತ್ತೇವೆ. ಫಿಸಿಯೋಥೆರಪಿಗೆ ಮಾತ್ರ 'ಕೈ ಎತ್ತಿಸೋದು ಇಳಿಸೋದು, ಇಷ್ಟಕ್ಕೇ ದುಡ್ಡಾ?' ಎಂದು ನಾಲ್ಕನೇ ದಿನಕ್ಕೆ ಬಿಡಿಸುತ್ತೇವೆ. ಇಷ್ಟಕ್ಕೇ, ಹೌದು. ನೂರಾರು ಸಲ ಎತ್ತಿ ಇಳಿಸಿದಾಗಲೇ ಮೆದುಳು ಆ ಕೈಯ ಜಾಗವನ್ನು ಉಳಿಸಿಕೊಳ್ಳುವುದು.