ಗಣಕಯಂತ್ರದ ಧ್ವನಿ ತುಂಡಾಗುವುದೇಕೆ?



ಮನೆಯ ಗಣಕಯಂತ್ರದಲ್ಲಿ ಒಂದು ಪಾಠವನ್ನು ಕೇಳುತ್ತಿದ್ದೀರಿ ಎಂದುಕೊಳ್ಳಿ. ಚಿತ್ರ ಸರಾಗವಾಗಿ ಓಡುತ್ತಿದೆ. ಆದರೆ ಮಾತು ಮಾತ್ರ ತುಂಡು ತುಂಡಾಗಿ ಬರುತ್ತಿದೆ, ನಡುನಡುವೆ ‘ಟಕ್ ಟಕ್’ ಎಂಬ ಸದ್ದು. ಸ್ವಲ್ಪ ಹೊತ್ತು ಸರಿಹೋದಂತಾಗಿ ಮತ್ತೆ ಕೆಡುತ್ತದೆ. ಇಂಥ ಸಮಯದಲ್ಲಿ ಅನೇಕರು ಸ್ಪೀಕರಿನ ತಲೆಗೆ ಎರಡು ಸಲ ತಟ್ಟಿ, ವೈರನ್ನು ಅಲುಗಾಡಿಸಿ, ಕೊನೆಗೆ ‘ಸ್ಪೀಕರ್ ಹೋಗಿದೆ’ ಎಂದು ಹೊಸದನ್ನೇ ಕೊಂಡು ತರುತ್ತಾರೆ. ಹೊಸ ಸ್ಪೀಕರಿನಲ್ಲೂ ಅದೇ ತುಂಡು ಧ್ವನಿ ಬಂದಾಗ ಹಣವೂ ಹೋಯಿತು, ತೊಂದರೆಯೂ ಉಳಿಯಿತು.

ಇದು ಹಾಡು ಕೇಳುವವರ ಚಿಕ್ಕ ತೊಂದರೆ ಎಂದು ತಳ್ಳಿಹಾಕುವಂತಿಲ್ಲ. ದೃಷ್ಟಿಯಿಲ್ಲದ ವಿದ್ಯಾರ್ಥಿಗಳು ಗಣಕಯಂತ್ರವನ್ನು ಬಳಸುವುದು ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ಸಹಾಯದಿಂದ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಎನ್‌ವಿಡಿಎ ಅಂಥ ಒಂದು ಉಚಿತ ತಂತ್ರಾಂಶ. ಅದು ಕನ್ನಡವನ್ನೂ ಓದಬಲ್ಲದು. ಅದನ್ನು ನೆಚ್ಚಿದವರಿಗೆ ಧ್ವನಿಯೇ ಪುಸ್ತಕ, ಧ್ವನಿಯೇ ತೆರೆ. ‘ಹನ್ನೆರಡು’ ಎಂಬ ಮಾತಿನ ಮೊದಲ ತುಣುಕು ನುಂಗಿಹೋದರೆ ಕಿವಿಗೆ ಬೀಳುವುದು ‘ಎರಡು’! ಲೆಕ್ಕದ ಉತ್ತರವೇ ತಪ್ಪಲು ಅಷ್ಟು ಸಾಕು. ಆದ್ದರಿಂದ ಧ್ವನಿ ಏಕೆ ತುಂಡಾಗುತ್ತದೆ, ಕಾರಣವನ್ನು ನಾವೇ ಹೇಗೆ ಹುಡುಕಬಹುದು ಎಂಬುದನ್ನು ಕ್ರಮವಾಗಿ ನೋಡೋಣ.

ಧ್ವನಿ ಅಂಕಿಗಳಾಗುವ ಬಗೆ

ಧ್ವನಿ ಎಂದರೆ ಗಾಳಿಯ ಕಂಪನ ಎಂಬುದು ನಿಮಗೆ ಗೊತ್ತು. ಗಣಕಯಂತ್ರಕ್ಕೆ ಕಂಪನ ತಿಳಿಯದು. ತಿಳಿಯುವುದು ಅಂಕಿ ಮಾತ್ರ. ಆದುದರಿಂದ ಕಂಪನದ ಎತ್ತರವನ್ನು ಮತ್ತೆ ಮತ್ತೆ ಅಳೆದು ಅಂಕಿಗಳ ಸಾಲನ್ನಾಗಿ ಮಾಡಿಡುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್‌ನಲ್ಲಿ ಒಂದು ಸೆಕೆಂಡಿಗೆ 44,100 ಅಳತೆಗಳು. ಪ್ರತಿ ಅಳತೆಗೆ 2 ಬೈಟು. ಎಡ ಮತ್ತು ಬಲ ಎಂದು ಎರಡು ಸಾಲು. ಗುಣಿಸಿ ನೋಡಿ: ಸೆಕೆಂಡಿಗೆ 1,76,400 ಬೈಟುಗಳಾಗುತ್ತವೆ. ವಿಡಿಯೊಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಳತೆಗಳನ್ನು ಬಳಸುತ್ತಾರೆ.

ಕೇಳಿಸುವಾಗ ಈ ಕೆಲಸ ಹಿಮ್ಮುಖವಾಗಿ ನಡೆಯುತ್ತದೆ. ಧ್ವನಿಯ ಚಿಪ್ಪು ಒಂದೊಂದೇ ಅಂಕಿಯನ್ನು ತೆಗೆದುಕೊಂಡು ವಿದ್ಯುತ್ತಾಗಿ ಮಾರ್ಪಡಿಸಿ ಸ್ಪೀಕರಿಗೆ ಕಳಿಸುತ್ತದೆ. ಇಲ್ಲಿ ಮುಖ್ಯವಾದುದು ವೇಗಕ್ಕಿಂತ ಹೊತ್ತು ತಪ್ಪದಿರುವುದು. ಮುಂದಿನ ಅಂಕಿ ಬರಲಿಲ್ಲವೆಂದು ಸ್ಪೀಕರ್ ಕಾದು ನಿಲ್ಲುವುದಿಲ್ಲ. ಅಂಕಿ ಬಾರದಿದ್ದರೆ ಅಲ್ಲಿ ಮೌನ ಅಥವಾ ‘ಟಕ್’ ಎಂಬ ಸದ್ದು.

ಟ್ಯಾಂಕು ಬರಿದಾದಾಗ

ಆದರೆ ಪ್ರೊಸೆಸರಿಗೆ ಧ್ವನಿಯೊಂದೇ ಕೆಲಸವಲ್ಲ. ತೆರೆಗೆ ಚಿತ್ರ ಬರೆಯಬೇಕು, ಡಿಸ್ಕಿನಿಂದ ಓದಬೇಕು, ಅಂತರ್ಜಾಲದ ಸಂಪರ್ಕವನ್ನು ನೋಡಿಕೊಳ್ಳಬೇಕು. ಸರದಿಯಂತೆ ಅದು ಎಲ್ಲವನ್ನೂ ಮಾಡುತ್ತದೆ. ಹಾಗಿದ್ದೂ ಧ್ವನಿ ಎಡೆಬಿಡದೆ ಬರುವುದು ಹೇಗೆ?

ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಬೀದಿಯ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರಬಹುದು. ಆದರೂ ಅಡುಗೆಮನೆಯ ನಲ್ಲಿ ತಿರುಗಿಸಿದಾಗಲೆಲ್ಲ ನೀರು ಬರುತ್ತದೆ. ಗಣಕಯಂತ್ರದಲ್ಲೂ ಇಂಥದೇ ವ್ಯವಸ್ಥೆ ಇದೆ. ಅದಕ್ಕೆ ಬಫರ್ ಎನ್ನುತ್ತಾರೆ. ಪ್ರೊಸೆಸರ್ ಒಮ್ಮೆಗೆ ಒಂದಷ್ಟು ಅಂಕಿಗಳನ್ನು ಬಫರಿಗೆ ತುಂಬಿ ಬೇರೆ ಕೆಲಸಕ್ಕೆ ಹೋಗುತ್ತದೆ. ಧ್ವನಿಯ ಚಿಪ್ಪು ಅದರಿಂದ ಒಂದೇ ಸಮನೆ ತೆಗೆದುಕೊಳ್ಳುತ್ತಿರುತ್ತದೆ.

ಈ ಟ್ಯಾಂಕು ಬಹಳ ಚಿಕ್ಕದು. ಸೆಕೆಂಡಿನ ನೂರರಲ್ಲೊಂದು ಪಾಲಿಗೆ, ಅಂದರೆ 10 ಮಿಲಿಸೆಕೆಂಡಿಗೆ ಸಾಲುವಷ್ಟು ಬಫರ್ ಎಂದರೆ ಒಂದು ಸಾಲಿಗೆ 480 ಅಳತೆಗಳು ಮಾತ್ರ. ಅಷ್ಟರೊಳಗೆ ಪ್ರೊಸೆಸರ್ ಮರಳಿ ಬಾರದಿದ್ದರೆ ಟ್ಯಾಂಕು ಬರಿದು, ಧ್ವನಿ ತುಂಡು. ಹಾಗಾದರೆ ಟ್ಯಾಂಕನ್ನು ದೊಡ್ಡದು ಮಾಡಬಾರದೇಕೆ? ಮಾಡಬಹುದು. ಆದರೆ ಅಂಕಿ ಒಳಗೆ ಹೋಗಿ ಹೊರಗೆ ಬರಲು ಅಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಡಿಗೆ ಅದರಿಂದ ಬಾಧಕವಿಲ್ಲ; ಎದುರುಬದುರು ಮಾತನಾಡುವಾಗ ಉತ್ತರ ತಡವಾಗುತ್ತದೆ.

ಚಿತ್ರ ಸರಿಯಾಗಿದ್ದು ಧ್ವನಿ ಮಾತ್ರ ಕೆಡುವುದೇಕೆಂಬುದೂ ಈಗ ತಿಳಿಯಿತಲ್ಲವೇ? ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವೆ. ಅಪರೂಪಕ್ಕೆ ಒಂದು ಬಿಟ್ಟುಹೋದರೆ ಕಣ್ಣು ಗಮನಿಸದೆ ಹೋಗಬಹುದು. ಕಿವಿ ಹಾಗಲ್ಲ, ಕೆಲವೇ ಮಿಲಿಸೆಕೆಂಡುಗಳ ಬಿರುಕನ್ನೂ ಅದು ಹಿಡಿಯುತ್ತದೆ.

ಮೊದಲು ಕಿವಿಗೊಟ್ಟು ಕೇಳಿ

ಧ್ವನಿ ಕೆಟ್ಟಿದೆ ಎಂದರೆ ಸಾಲದು, ಹೇಗೆ ಕೆಟ್ಟಿದೆ ಎಂದು ಕೇಳಿಸಿಕೊಳ್ಳಿ. ಒಂದೇ ಸಮನೆ ‘ಗುಂಯ್’ ಎನ್ನುತ್ತಿದ್ದರೆ ಅದು ಹೆಚ್ಚಾಗಿ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಗು. ಅರ್ಥಿಂಗ್ ಸರಿಯಾಗಿದೆಯೇ ಎಂದು ಬಲ್ಲವರಿಂದ ನೋಡಿಸಿ. ಎಡ ಅಥವಾ ಬಲ, ಒಂದೇ ಕಡೆ ಧ್ವನಿ ಬರುತ್ತಿದ್ದರೆ, ಇಲ್ಲವೇ ವೈರನ್ನು ಅಲುಗಿಸಿದಾಗ ಬಂದು ಹೋಗುತ್ತಿದ್ದರೆ ದೋಷ ವೈರಿನಲ್ಲೋ ಪಿನ್ನಿನಲ್ಲೋ ಇದೆ. ಇಲ್ಲಿ ಟ್ಯಾಂಕು ತುಂಬಿಯೇ ಇದೆ, ಕೊಳವೆ ಒಡೆದಿದೆ. ಬೇರೆ ಕೆಲಸ ಆರಂಭಿಸಿದ ಕೂಡಲೇ ಮಾತು ತೊದಲಿದರೆ ಮಾತ್ರ ಅದು ಟ್ಯಾಂಕು ಬರಿದಾಗುವ ಲಕ್ಷಣ.

ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೊಮ್ಮೆ ಕೆಡುತ್ತದೆ? ಆಗ ಯಾವ ತಂತ್ರಾಂಶ ನಡೆಯುತ್ತಿತ್ತು? ಯಂತ್ರವನ್ನು ಹಚ್ಚಿ ಎಷ್ಟು ಹೊತ್ತಾಗಿತ್ತು? ಬಂದು ಹೋಗುವ ದೋಷವನ್ನು ಹಿಡಿಯಲು ಇಂಥ ಬರಹಕ್ಕಿಂತ ಒಳ್ಳೆಯ ಉಪಕರಣವಿಲ್ಲ.

ದಾರಿಯನ್ನು ಅರ್ಧ ಮಾಡುತ್ತ ಬನ್ನಿ

ಅಂತರ್ಜಾಲದ ಪಾಠ ನಿಮ್ಮ ಕಿವಿಗೆ ತಲುಪುವ ದಾರಿ ಹೀಗಿದೆ: ಅಂತರ್ಜಾಲ, ಕೇಳಿಸುವ ತಂತ್ರಾಂಶ, ವಿಂಡೋಸ್ ಅಥವಾ ಲಿನಕ್ಸ್, ಧ್ವನಿಯ ಡ್ರೈವರ್, ಧ್ವನಿಯ ಚಿಪ್ಪು, ವೈರು, ಕೊನೆಗೆ ಸ್ಪೀಕರ್. ಒಂದೊಂದನ್ನೂ ಬಿಚ್ಚಿ ನೋಡಬೇಕಿಲ್ಲ. ಪ್ರತಿ ಪರೀಕ್ಷೆಯೂ ದಾರಿಯ ಒಂದು ಭಾಗವನ್ನು ನಿರಪರಾಧಿ ಎಂದು ಬಿಡುಗಡೆ ಮಾಡುವಂತಿರಲಿ.

1. ಡಿಸ್ಕಿನಲ್ಲೇ ಇರುವ ಒಂದು ಹಾಡನ್ನು ಹಾಕಿ. ಅದು ಸರಿಯಾಗಿ ಕೇಳಿಸಿದರೆ ಅಂತರ್ಜಾಲದ ಸಂಪರ್ಕವನ್ನೂ ಪಾಠ ಕೇಳಿಸುವ ತಂತ್ರಾಂಶವನ್ನೂ ಸಂಶಯಿಸಿ. ವೈ-ಫೈ ಬದಲು ಕೇಬಲ್ಲಿನಿಂದ ಜೋಡಿಸಿ ನೋಡಿ.

2. ಅದೇ ಸ್ಪೀಕರನ್ನು ಮೊಬೈಲಿಗೆ ಜೋಡಿಸಿ. ಅಲ್ಲಿ ಚೆನ್ನಾಗಿ ಕೇಳಿಸಿದರೆ ಸ್ಪೀಕರ್ ನಿರಪರಾಧಿ.

3. ಯಂತ್ರದ ಮುಂಭಾಗದ ರಂಧ್ರಕ್ಕೆ ಹಾಕಿದ್ದ ಪಿನ್ನನ್ನು ಹಿಂಭಾಗದ ಹಸಿರು ರಂಧ್ರಕ್ಕೆ ಹಾಕಿ. ಮುಂಭಾಗದ ರಂಧ್ರದಿಂದ ಮದರ್‌ಬೋರ್ಡಿಗೆ ತೆಳುವಾದ ವೈರೊಂದು ಹೋಗುತ್ತದೆ. ಅದು ಸಡಿಲವಾಗಿರುವುದುಂಟು.

4. ಹಾಡನ್ನು ಬೇರೊಂದು ತಂತ್ರಾಂಶದಲ್ಲಿ ಕೇಳಿ. ಒಂದರಲ್ಲಿ ಮಾತ್ರ ಕೆಟ್ಟರೆ ತೊಂದರೆ ಆ ತಂತ್ರಾಂಶದ್ದು.

5. ಪೆನ್ ಡ್ರೈವಿನಿಂದಲೇ ನಡೆಯುವ ಲಿನಕ್ಸ್ ಸಿಕ್ಕಿದರೆ, ಡಿಸ್ಕಿಗೆ ಏನನ್ನೂ ಸೇರಿಸದೆ ಅದರಿಂದ ಯಂತ್ರವನ್ನು ಆರಂಭಿಸಿ ಹಾಡು ಕೇಳಿ. ಅಲ್ಲಿ ಸರಿಯಾಗಿದ್ದರೆ ಯಂತ್ರದ ಅಂಗಗಳು ಬಹುಶಃ ಸರಿಯಾಗಿವೆ. ದೋಷ ತಂತ್ರಾಂಶದ ಕಡೆ ಇದೆ.

ತಡ ಮಾಡುತ್ತಿರುವವರು ಯಾರು?

ಸ್ಪೀಕರ್, ವೈರು, ಅಂತರ್ಜಾಲ ಎಲ್ಲವೂ ನಿರಪರಾಧಿ ಎಂದಾದರೆ ಪ್ರೊಸೆಸರನ್ನು ಯಾರೋ ಹಿಡಿದಿಟ್ಟಿದ್ದಾರೆ ಎಂದರ್ಥ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಧ್ವನಿ ಕೆಡುವ ಹೊತ್ತಿಗೆ ಪ್ರೊಸೆಸರ್, ಮೆಮೊರಿ ಅಥವಾ ಡಿಸ್ಕ್ 100 ಪ್ರತಿಶತ ತಲುಪುತ್ತಿದೆಯೇ ನೋಡಿ. ವೈರಸ್ ತಪಾಸಣೆ, ಹಿನ್ನೆಲೆಯಲ್ಲಿ ಇಳಿಯುತ್ತಿರುವ ಅಪ್‌ಡೇಟ್, ತೆರೆದಿಟ್ಟ ಹತ್ತಾರು ಪುಟಗಳು ಇವೇ ಸಾಮಾನ್ಯ ಕಾರಣಗಳು.

ಯಂತ್ರ ಹಚ್ಚಿದ ಅರ್ಧ ಗಂಟೆಯ ಮೇಲೆ ಮಾತ್ರ ಧ್ವನಿ ಕೆಡುತ್ತಿದ್ದರೆ ಶಾಖವನ್ನು ನೆನೆಯಿರಿ. ಬಿಸಿ ಮಿತಿಮೀರಿದಾಗ ಪ್ರೊಸೆಸರ್ ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ಇಳಿಸುತ್ತದೆ. ಫ್ಯಾನಿಗೆ ಮೆತ್ತಿದ ಧೂಳೇ ಇದಕ್ಕೆ ಕಾರಣವಾಗಿರಬಹುದು. ಪ್ಲಗ್ಗನ್ನು ಕಿತ್ತ ನಂತರವೇ ಪೆಟ್ಟಿಗೆಯನ್ನು ತೆರೆದು, ಫ್ಯಾನ್ ತಿರುಗದಂತೆ ಹಿಡಿದು, ಒಣ ಕುಂಚದಿಂದ ಧೂಳು ತೆಗೆಯಿರಿ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಟಾಸ್ಕ್ ಮ್ಯಾನೇಜರಿನಲ್ಲಿ ಎಲ್ಲ ಶಾಂತವಾಗಿ ಕಂಡರೂ ಧ್ವನಿ ತುಂಡಾಗುವುದುಂಟು. ಯಾವುದೋ ಒಂದು ಡ್ರೈವರ್ ಸರದಿಯನ್ನು ಬಿಟ್ಟುಕೊಡದೆ ಹಲವು ಮಿಲಿಸೆಕೆಂಡು ಪ್ರೊಸೆಸರನ್ನು ತಡೆದಿಟ್ಟುಕೊಂಡರೆ ಹೀಗಾಗುತ್ತದೆ. ಸೆಕೆಂಡಿನ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ, ಟ್ಯಾಂಕು ಬರಿದಾಗಲು ಮಾತ್ರ ಸಾಕು. ಅಪರಾಧಿ ಎಷ್ಟೋ ಸಲ ಧ್ವನಿಯ ಡ್ರೈವರೇ ಅಲ್ಲ. ವೈ-ಫೈಯದೋ ಚಿತ್ರದ ಕಾರ್ಡಿನದೋ ಆಗಿರುತ್ತದೆ. ಡಿಸ್ಕಿನ ಹಾಡನ್ನು ಹಾಕಿ ಐದು ನಿಮಿಷ ವೈ-ಫೈ ಆರಿಸಿ ನೋಡಿ. ಸರಿಹೋದರೆ ಆ ಡ್ರೈವರಿನ ಹೊಸ ಆವೃತ್ತಿಯನ್ನು ತಯಾರಕರಿಂದಲೇ ಪಡೆಯಿರಿ. ವಿಂಡೋಸ್‌ಗೆ ದೊರೆಯುವ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಇಂಥ ಡ್ರೈವರನ್ನು ಹೆಸರು ಹಿಡಿದು ತೋರಿಸುತ್ತದೆ.

ಮಾತು ಆರಂಭವಾಗುವಾಗ ಮೊದಲ ಅಕ್ಷರ ಮಾತ್ರ ನುಂಗಿಹೋಗುತ್ತಿದ್ದರೆ ಕಾರಣ ಬೇರೆ. ವಿದ್ಯುತ್ ಉಳಿಸಲೆಂದು ಧ್ವನಿಯ ಸಾಧನ ಮೌನದ ವೇಳೆ ನಿದ್ದೆ ಹೋಗುತ್ತದೆ. ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ತುಣುಕು ಕಳೆದಿರುತ್ತದೆ. ‘ಹನ್ನೆರಡು’ ‘ಎರಡು’ ಆಗುವುದು ಹೀಗೆಯೇ. ಡ್ರೈವರಿನ ವಿದ್ಯುತ್ ಉಳಿತಾಯವನ್ನು ನಿಲ್ಲಿಸಿದರೆ ಇದು ಸರಿಹೋಗುತ್ತದೆ. ಎನ್‌ವಿಡಿಎಯ ಇತ್ತೀಚಿನ ಆವೃತ್ತಿಗಳಲ್ಲಿ ಧ್ವನಿಯ ಸಾಧನವನ್ನು ಎಚ್ಚರವಾಗಿಡುವ ಆಯ್ಕೆಯೇ ಇದೆ. ಇದರ ಜೊತೆಗೆ, ಧ್ವನಿಯನ್ನು ಅಂದಗೊಳಿಸುವ ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಆಯ್ಕೆಯನ್ನೂ ಒಮ್ಮೆ ಆರಿಸಿ ನೋಡಿ.

ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನಿನದು ಮತ್ತೊಂದು ಕಥೆ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ. ವೈ-ಫೈ ಕೂಡ ಅದೇ ಆವೃತ್ತಿಯನ್ನು ಬಳಸುವುದುಂಟು. ಬ್ಲೂಟೂತ್ ಗುಂಡಿಯನ್ನು ಯಂತ್ರದ ಹಿಂಭಾಗಕ್ಕೆ ಸಿಕ್ಕಿಸಿದರೆ ಲೋಹದ ಪೆಟ್ಟಿಗೆಯೂ ಅಡ್ಡವಾಗುತ್ತದೆ. ಒಂದು ಯುಎಸ್‌ಬಿ ವಿಸ್ತರಣಾ ವೈರಿನಿಂದ ಅದನ್ನು ಮೇಜಿನ ಮೇಲಕ್ಕೆ ತಂದುಕೊಂಡರೆ ಎಷ್ಟೋ ಸಲ ತೊಂದರೆ ಮುಗಿಯುತ್ತದೆ.

ಚಿಪ್ಪೇ ಕೆಟ್ಟಿದ್ದರೆ?

ಸಿಂಗಪುರದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ಸೌಂಡ್ ಬ್ಲಾಸ್ಟರ್ ತಂದ ಕಾಲದಲ್ಲಿ ಧ್ವನಿಗೆಂದು ಪ್ರತ್ಯೇಕ ಕಾರ್ಡನ್ನೇ ಕೂರಿಸಬೇಕಿತ್ತು. ಈಗ ಸಾಮಾನ್ಯವಾಗಿ ಧ್ವನಿಯ ಚಿಪ್ಪು ಮದರ್‌ಬೋರ್ಡಿನ ಮೇಲೆಯೇ ಇರುತ್ತದೆ. ಅದು ನಿಜವಾಗಿ ಕೆಟ್ಟಿದ್ದರೂ ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಅವಸರಪಡಬೇಡಿ. ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಧ್ವನಿ ಕಾರ್ಡು ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಸ್ನೇಹಿತರಲ್ಲಿದ್ದರೆ ಒಂದು ದಿನಕ್ಕೆ ತಂದು ಹಾಕಿ ನೋಡಿ. ಅದರಲ್ಲೂ ಧ್ವನಿ ತುಂಡಾದರೆ ಚಿಪ್ಪಿನದು ತಪ್ಪಲ್ಲ ಎಂದು ಖರ್ಚಿಲ್ಲದೆ ತಿಳಿದಂತಾಯಿತು.

ಈ ಕೆಲಸವನ್ನೆಲ್ಲ ಒಂದೇ ಸಂಜೆ ಮುಗಿಸುವ ಆತುರ ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫಲವಿಲ್ಲದಿದ್ದರೆ ಮೊದಲಿನಂತೆ ಇಟ್ಟು ಮುಂದಿನದಕ್ಕೆ ಹೋಗಿ. ಬಂದು ಹೋಗುವ ದೋಷವಾದ್ದರಿಂದ, ಐದು ನಿಮಿಷ ಚೆನ್ನಾಗಿ ಕೇಳಿಸಿತೆಂದು ‘ಸರಿಹೋಯಿತು’ ಎನ್ನಬೇಡಿ. ಮೊದಲು ಹತ್ತು ನಿಮಿಷಕ್ಕೊಮ್ಮೆ ಕೆಡುತ್ತಿದ್ದರೆ ಒಂದು ಗಂಟೆಯಾದರೂ ಕಾದು ನೋಡಿ. ಪ್ರಯೋಗಶಾಲೆಯಲ್ಲಿ ನಿಮ್ಮ ಅಧ್ಯಾಪಕರು ಹೇಳಿಕೊಡುವ ಕ್ರಮವೂ ಇದೇ ಅಲ್ಲವೇ? ಕಡೆಗೆ ದುರಸ್ತಿ ಅಂಗಡಿಗೆ ಹೋಗಲೇಬೇಕಾದರೆ ನೀವು ಬರೆದಿಟ್ಟ ಹಾಳೆಯನ್ನೂ ಜೊತೆಗೆ ಒಯ್ಯಿರಿ. ‘ಸೌಂಡ್ ಸರಿಯಿಲ್ಲ’ ಎನ್ನುವ ಬದಲು, ‘ಸ್ಪೀಕರ್ ಸರಿಯಿದೆ, ಲಿನಕ್ಸ್‌ನಲ್ಲಿ ಚೆನ್ನಾಗಿ ಕೇಳಿಸುತ್ತದೆ, ವೈ-ಫೈ ಹಚ್ಚಿದಾಗ ಮಾತ್ರ ತುಂಡಾಗುತ್ತದೆ’ ಎಂದು ಹೇಳಿ. ಅರ್ಧ ದುರಸ್ತಿ ಅಲ್ಲಿಗೇ ಮುಗಿದಿರುತ್ತದೆ.