ವಾಟ್ಸ್‌ಆ್ಯಪ್‌ನಲ್ಲಿ ಮಬ್ಬಾದ ಮನೆಯ ವಿಡಿಯೊವನ್ನು ಆ್ಯಪ್ ಬಳಸಿ ಮತ್ತೆ ಸ್ಪಷ್ಟ ಮಾಡಬಹುದೇ?

ನಮ್ಮ ಮನೆಯ ಮದುವೆಯೊಂದರಲ್ಲಿ ಅಜ್ಜಿ ಸೋಬಾನೆ ಹಾಡಿದ್ದರು. ಅಕ್ಕ ಅದನ್ನು ಫೋನಿನಲ್ಲಿ ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಆಮೇಲೆ ಸ್ಟೋರೇಜ್ ತುಂಬಿತೆಂದು ಫೋನಿನಿಂದ ಅಳಿಸಿಬಿಟ್ಟಳು. ಅಜ್ಜಿ ತೀರಿಕೊಂಡ ಮೇಲೆ, ವರ್ಷದ ತಿಥಿಗೆ ಒಂದು ಚಿಕ್ಕ ವಿಡಿಯೊ ಮಾಡೋಣವೆಂದು ಕುಳಿತಾಗ ಉಳಿದಿದ್ದು ಗ್ರೂಪಿನಲ್ಲಿದ್ದ ಮಬ್ಬು ಪ್ರತಿ ಮಾತ್ರ. ‘ಒಂದೇ ಕ್ಲಿಕ್‌ನಲ್ಲಿ ಎಚ್‌ಡಿ ಮಾಡುವ ಆ್ಯಪ್’ ಎಂಬ ಫಾರ್ವರ್ಡ್ ನೆನಪಾಗಿದ್ದು ಆಗಲೇ.

ಅದು ನಿಜವೇ? ಚುಟುಕಾಗಿ ಹೇಳುವುದಾದರೆ, ಇಲ್ಲ. ಒಮ್ಮೆ ಕಳೆದುಹೋದ ವಿವರವನ್ನು ಯಾವ ಆ್ಯಪ್ ಕೂಡ ಮರಳಿ ತರಲಾರದು.

ವಿಡಿಯೊ ಏಕೆ ಮಬ್ಬಾಗುತ್ತದೆ?

ಫುಲ್ ಎಚ್‌ಡಿ ವಿಡಿಯೊದ ಒಂದು ಚಿತ್ರದಲ್ಲಿ 1920 × 1080, ಅಂದರೆ ಸುಮಾರು 20 ಲಕ್ಷ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ ಇಂಥ 30 ಚಿತ್ರಗಳು. ಎಲ್ಲವನ್ನೂ ಇದ್ದಂತೆಯೇ ಉಳಿಸಿದರೆ ಒಂದು ನಿಮಿಷಕ್ಕೆ ಸುಮಾರು 11 ಜಿಬಿ ಬೇಕು. ಆದರೆ ಫೋನಿನಲ್ಲಿ ಅದು 100 ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಹೇಗೆಂದರೆ, ಫೋನು ಆಗಾಗ ಒಂದು ಪೂರ್ತಿ ಚಿತ್ರವನ್ನು ಇಟ್ಟುಕೊಂಡು, ಮುಂದಿನ ಚಿತ್ರಗಳಲ್ಲಿ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಕಣ್ಣಿಗೆ ಸುಲಭವಾಗಿ ಕಾಣದ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದಾಗ ಅದೇ ವಿಡಿಯೊ ಮತ್ತೊಮ್ಮೆ, ಇನ್ನೂ ಬಿಗಿಯಾಗಿ ಕುಗ್ಗುತ್ತದೆ. ಸೀರೆಯ ಅಂಚು, ಮುಖದ ಗೆರೆಗಳು ಮೊದಲು ಮಾಯವಾಗುವುದು ಇಲ್ಲೇ. ‘ಎಚ್‌ಡಿ’ ಆಯ್ಕೆ ಒತ್ತಿದರೆ ಕುಗ್ಗುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಪ್ರತಿ ಫಾರ್ವರ್ಡ್‌ಗೂ ಕ್ವಾಲಿಟಿ ಇಳಿಯುತ್ತದೆಯೇ?

ಬಹಳ ಜನ ಹೀಗೆ ನಂಬಿದ್ದಾರೆ. ಫಾರ್ವರ್ಡ್ ಬಟನ್ ಒತ್ತಿದಾಗ ಸಾಮಾನ್ಯವಾಗಿ ಈಗಾಗಲೇ ಕುಗ್ಗಿದ ಅದೇ ಫೈಲು ಮುಂದೆ ಹೋಗುತ್ತದೆ. ಹೆಚ್ಚಿನ ನಷ್ಟ ಮೊದಲ ಸಲ ಕಳಿಸುವಾಗಲೇ ಆಗಿರುತ್ತದೆ. ಆದರೆ ಅದನ್ನು ಎಡಿಟ್ ಮಾಡಿ ಸೇವ್ ಮಾಡಿದಾಗ, ಸ್ಟೇಟಸ್‌ಗೆ ಹಾಕಿದಾಗ ಮತ್ತೆ ಕುಗ್ಗುತ್ತದೆ. ಜೆರಾಕ್ಸ್ ಪ್ರತಿಯನ್ನೇ ಮತ್ತೆ ಜೆರಾಕ್ಸ್ ಮಾಡಿಸಿದ ಹಾಗೆ.

ಎಚ್‌ಡಿ ಮಾಡುವ ಆ್ಯಪ್‌ಗಳು ಏನು ಮಾಡುತ್ತವೆ?

ಕೆಲವು ಆ್ಯಪ್‌ಗಳು ಅಂಚುಗಳನ್ನು ಗಾಢ ಮಾಡುತ್ತವೆ. ಎಐ ಬಳಸುವ ಆ್ಯಪ್‌ಗಳು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಚಿತ್ರ ಚೂಪಾಗಿ ಕಾಣುವುದು ನಿಜ. ಆದರೆ ಆ ಕಣ್ಣು, ಹುಬ್ಬು, ಸುಕ್ಕು ನಿಮ್ಮ ಅಜ್ಜಿಯದೇ ಎಂದು ಹೇಳಲಾಗದು. ಮಬ್ಬು ವಿಡಿಯೊವನ್ನು 4ಕೆಯಲ್ಲಿ ಎಕ್ಸ್‌ಪೋರ್ಟ್ ಮಾಡಿದರೂ ಅಷ್ಟೆ: ಫೈಲು ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ.

ಹಾಗಾದರೆ ಎಡಿಟಿಂಗ್ ಹೇಗೆ ಶುರು ಮಾಡುವುದು?

1. ಮೊದಲು ಮೂಲ ಫೈಲು ಹುಡುಕಿ. ವಿಡಿಯೊ ತೆಗೆದವರನ್ನೇ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಗ್ಯಾಲರಿಯಿಂದ ಬೇಡ, ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಆಗ 2 ಜಿಬಿವರೆಗಿನ ಫೈಲು ಕುಗ್ಗದೆ ಬರುತ್ತದೆ.

2. ಮೂಲವನ್ನು ಮುಟ್ಟಬೇಡಿ. ಅದರ ಒಂದು ಪ್ರತಿ ಮಾಡಿಕೊಂಡು ಆ ಪ್ರತಿಯನ್ನು ಎಡಿಟ್ ಮಾಡಿ.

3. ಅಡ್ಡವೋ ಉದ್ದವೋ ಮೊದಲೇ ನಿರ್ಧರಿಸಿ. ಟಿವಿಯಲ್ಲಿ ನೋಡುವುದಾದರೆ ಅಡ್ಡ, ಫೋನಿಗಷ್ಟೇ ಆದರೆ ಉದ್ದ. ಮೂಲ 1080 ಇದ್ದರೆ ಎಕ್ಸ್‌ಪೋರ್ಟ್ ಕೂಡ 1080 ಇರಲಿ.

4. ಕತ್ತರಿಸುವುದೇ ಮುಖ್ಯ ಕೆಲಸ. ಅಲುಗಾಡಿದ್ದು, ನೆಲ ತೋರಿಸಿದ್ದು, ಒಂದೇ ದೃಶ್ಯ ಮತ್ತೆ ಮತ್ತೆ ಬಂದದ್ದನ್ನು ತೆಗೆಯಿರಿ. ಎಫೆಕ್ಟ್‌ಗಳ ಬಗ್ಗೆ ಆಮೇಲೆ ಯೋಚಿಸಿದರೆ ಸಾಕು.

5. ದನಿ ಉಳಿಸಿ. ಹೊಸಬರು ಇಡೀ ವಿಡಿಯೊಗೆ ಸಿನಿಮಾ ಹಾಡು ಹಾಕಿ ಮೂಲ ಧ್ವನಿಯನ್ನು ಮ್ಯೂಟ್ ಮಾಡುವುದುಂಟು. ಮುಂದೊಂದು ದಿನ ಮನೆಯವರು ಕೇಳಬಯಸುವುದು ಆ ಹಾಡನ್ನಲ್ಲ, ಹಿರಿಯರ ಮಾತನ್ನು. ಯಾರಾದರೂ ಮಾತನಾಡುವ ಕಡೆ ಸಂಗೀತದ ವಾಲ್ಯೂಮ್ ತೀರಾ ಇಳಿಸಿ.

6. ಒಂದೇ ಸಲ ಎಕ್ಸ್‌ಪೋರ್ಟ್ ಮಾಡಿ. ಒಂದು ಆ್ಯಪ್‌ನಲ್ಲಿ ಕತ್ತರಿಸಿ, ಇನ್ನೊಂದರಲ್ಲಿ ಹಾಡು ಸೇರಿಸಿ, ಮತ್ತೊಂದರಲ್ಲಿ ಹೆಸರು ಬರೆದರೆ ವಿಡಿಯೊ ಮೂರು ಸಲ ಕುಗ್ಗುತ್ತದೆ. ಎಲ್ಲವನ್ನೂ ಒಂದೇ ಆ್ಯಪ್‌ನಲ್ಲಿ ಮುಗಿಸಿ.

7. ಎರಡು ಕಡೆ ಉಳಿಸಿ. ಮೂಲ ಫೈಲು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಇರಲಿ. ಗೂಗಲ್ ಫೋಟೋಸ್ ಬಳಸುವುದಾದರೆ ‘ಸ್ಟೋರೇಜ್ ಸೇವರ್’ ಬದಲು ‘ಒರಿಜಿನಲ್ ಕ್ವಾಲಿಟಿ’ ಆರಿಸಿ. ಎರಡೂ ಕಡೆ ವಿಡಿಯೊ ಪ್ಲೇ ಆಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಫೋನಿನಿಂದ ಅಳಿಸಿ.

ಮೂಲ ಸಿಗದೇ ಹೋದರೆ?

ಇರುವ ಪ್ರತಿಗಳಲ್ಲಿ ದೊಡ್ಡ ಫೈಲು ಯಾವುದೆಂದು ನೋಡಿ ಅದನ್ನೇ ಬಳಸಿ. ಪೂರ್ತಿ ಪರದೆಗೆ ಹಿಗ್ಗಿಸದೆ ಚಿಕ್ಕ ಚೌಕದಲ್ಲಿ ತೋರಿಸಿದರೆ ಮಬ್ಬು ಅಷ್ಟು ಎದ್ದು ಕಾಣುವುದಿಲ್ಲ. ನಾವು ಮಾಡಿದ್ದೂ ಅದನ್ನೇ. ಅಜ್ಜಿಯ ಮುಖವನ್ನು ಆ್ಯಪ್‌ನಿಂದ ತಿದ್ದಿಸಲಿಲ್ಲ. ವಿಡಿಯೊ ಮಬ್ಬಾಗಿಯೇ ಇತ್ತು, ಆದರೆ ಹಾಡು ಕೇಳಿಸಿತು.

ಮುಂದಿನ ಸಲ ‘ಎಚ್‌ಡಿ ಆ್ಯಪ್’ ಫಾರ್ವರ್ಡ್ ಬಂದಾಗ ಅದನ್ನು ಹಂಚುವ ಬದಲು ಫ್ಯಾಮಿಲಿ ಗ್ರೂಪಿಗೆ ಹೀಗೊಂದು ಮೆಸೇಜ್ ಹಾಕಿ: “ಮದುವೆ ವಿಡಿಯೊ ಯಾರ ಫೋನಿನಲ್ಲಿದೆಯೋ ಅವರು ಡಿಲೀಟ್ ಮಾಡಬೇಡಿ, ಡಾಕ್ಯುಮೆಂಟ್ ಮಾಡಿ ಕಳಿಸಿ.”